ನಿವ್ವಳ ತೂಕ

ಹಾಸನದ ಬೈಪಾಸಿನಲ್ಲಿ ನನ್ನದು
ಅರವತ್ತು ಟನ್ನಿನ ವೇಬ್ರಿಡ್ಜು.
ಲಾರಿ ಹತ್ತುತ್ತದೆ, ಕೆಂಪು ಅಂಕಿ ಓಡಾಡಿ ನಿಲ್ಲುತ್ತದೆ,
ಕಿಟಕಿಯಿಂದ ಚೀಟಿ ಕೊಡುತ್ತೇನೆ:
ಒಟ್ಟು ಇಷ್ಟು, ಬರೀ ಗಾಡಿ ಇಷ್ಟು,
ಕಳೆದರೆ ಉಳಿದದ್ದು ಆಲೂಗಡ್ಡೆ.
ಹತ್ತೊಂಬತ್ತು ವರ್ಷ ಕೂತಲ್ಲೇ ಕೂತು
ಕಂಡವರ ಭಾರ ಬರೆದು
ನನ್ನದನ್ನು ಬೆಳೆಸಿದೆ.

ಆಸ್ಪತ್ರೆಯ ಡಯಟಿಷಿಯನ್ ನಫೀಸಾ ಮೇಡಂ,
ನನ್ನ ಮಗಳ ವಯಸ್ಸು, ಪೆನ್ನಿನ ತುದಿ ಕಚ್ಚಿಕೊಂಡು ಹೇಳಿದರು:
"ತೊಂಬತ್ತೊಂದು ಕೇಜಿ, ಚನ್ನಬಸಪ್ಪನವರೇ.
ತೂಕ ಗೊತ್ತಿಲ್ಲದ ಊಟ ನಿಮ್ಮದು."
ನನಗೆ! ತೂಕ ಗೊತ್ತಿಲ್ಲ!

ಅದಕ್ಕೇ ಸಾಲಗಾಮೆ ರಸ್ತೆಯ ಅಂಗಡಿಯಿಂದ
ಮಂಜುಗಟ್ಟಿದ ಊಟ ತಂದೆ, ಹದಿನಾಲ್ಕು ಡಬ್ಬಿ.
ಮುಚ್ಚಳದ ಮೇಲೆ ಬಾಳೆಎಲೆಯ ಚಿತ್ರ, ಆವಿ ಸಮೇತ.
ಕೆಳಗೆ ಸಣ್ಣಕ್ಷರದಲ್ಲಿ
ನಿವ್ವಳ ತೂಕ ಇನ್ನೂರೈವತ್ತು ಗ್ರಾಂ.
ನೋಡಿದ ಕೂಡಲೇ ನಂಬಿಕೆ ಬಂತು;
ಚೀಟಿ ಇರುವ ಸರಕು.

ಫ್ರೀಜರಿನಲ್ಲಿ ಜಾಗ ಇರಲಿಲ್ಲ.
ಧನುರ್ಮಾಸದಲ್ಲಿ ಸುನಂದ ಹಿತಕಿಟ್ಟ ಅವರೆಕಾಳು
ಪ್ಯಾಕೆಟ್ಟು ಪ್ಯಾಕೆಟ್ಟಾಗಿ ಕಲ್ಲಾಗಿ ಮಲಗಿತ್ತು.
"ಎತ್ತಬೇಡಿ ಅದನ್ನ."
"ನಿಂದೂ ಮಂಜುಗಟ್ಟಿದ್ದೇ ಅಲ್ವೇನೇ?"
"ಅದನ್ನ ಹಿತಕಿದ ಬೆರಳು ಇಲ್ಲಿದೆ," ಅಂತ ತೋರಿಸಿದಳು.
ಅರ್ಧ ಅವರೆಕಾಳು ಪಕ್ಕದ ಮನೆ ಫ್ರಿಜ್ಜಿಗೆ ಹೋಯಿತು.
ಅದರ ಜತೆ ಅವಳ ಅರ್ಧ ಮಾತೂ.

ಸೋಮವಾರ ನವಣೆ ಬಿಸಿಬೇಳೆಬಾತು.
ಮೈಕ್ರೋವೇವಿನಲ್ಲಿ ಐದು ನಿಮಿಷ ಗಿರಗಿರ ತಿರುಗಿ
ಅಂಚು ನಾಲಗೆ ಸುಟ್ಟಿತು, ನಡುವೆ ಐಸು.
ಮಂಗಳವಾರ ಪಾಲಕ್, ಅದರೊಳಗೆ ಪನೀರು
ನಾಲ್ಕು ತುಂಡು. ಎಣಿಸಿದೆ.
ಬುಧವಾರದ್ದು ನೆನಪಿಲ್ಲ;
ಡಬ್ಬಿ ಓದಿದರೆ ಗೊತ್ತಾಗುತ್ತಿತ್ತು, ಬಾಯಿಗೆ ಗೊತ್ತಾಗಲಿಲ್ಲ.
ಗುರುವಾರ ಸೊಪ್ಪಿನ ಸಾರು ಎಂದು ಬರೆದಿತ್ತು.
ಸೊಪ್ಪಿಗೆ ಅವಮಾನ.
ಆದರೆ ಶುಕ್ರವಾರದ ಮೆಂತ್ಯದ ಪಲಾವು, ನಿಜ ಹೇಳಬೇಕು,
ಚೆನ್ನಾಗಿತ್ತು. ಮುಚ್ಚಳಕ್ಕೆ ಅಂಟಿದ ಅಗುಳನ್ನೂ ಬಿಡಲಿಲ್ಲ.
ಮನೆಯಲ್ಲಿ ಹೇಳಲಿಲ್ಲ.

ಜಲಂಧರದ ಬಿತ್ತನೆ ಗಡ್ಡೆಯನ್ನು ಶೀತಲಗೃಹಕ್ಕೆ ಇಳಿಸಿ
ಖಾಲಿ ತೂಕಕ್ಕೆ ಬಂದ ಡ್ರೈವರ್ ಬಲ್ಕಾರ್
ಇಣುಕಿ ನೋಡಿ ಕೇಳಿದ: "ಮಗುವಿನ ಊಟವಾ?"
ಎದುರಿನ ಮೆಸ್ಸಿನಲ್ಲಿ ಎರಡು ಮುದ್ದೆ
ಅಗಿಯದೆ ನುಂಗಲು ಕಲಿತು ಬಂದಿದ್ದ.
ತೊಳೆದರೂ ಹೋಗದ ಉಪ್ಸಾರು ಖಾರದ ವಾಸನೆ;
ಚೀಟಿ ಕೊಡುವಾಗ ಆ ಕೈಯನ್ನು
ಒಂದು ಕ್ಷಣ ಹೆಚ್ಚೇ ಹಿಡಿದೆನೇನೋ.
ಮಂಜಲ್ಲಿ ಮಲಗಿದರೂ ಅವನ ಗಡ್ಡೆಗೆ ಕಣ್ಣಿರುತ್ತದೆ.
ನನ್ನ ಡಬ್ಬಿಯ ಆಲೂಗಡ್ಡೆಗೆ
ಕಣ್ಣು ತೆಗೆದಿದ್ದರು.

ಗಾಡಿ ಇಲ್ಲದ ಸಂಜೆ ನಾನೇ ಹತ್ತುತ್ತೇನೆ, ಬರಿಗಾಲಲ್ಲಿ.
ಹತ್ತು ಕೇಜಿಗಿಂತ ಸಣ್ಣ ಲೆಕ್ಕ ಇದಕ್ಕೆ ತಿಳಿಯದು.
ಎಂಟು ವಾರ ತೊಂಬತ್ತು, ತೊಂಬತ್ತು, ತೊಂಬತ್ತು.
ಐದು ಕೇಜಿ ಇಳಿದಿದೆ ಅಂತ ಆಸ್ಪತ್ರೆಯ ಕಾಟಾ ಹೇಳಿದರೂ
ಇದು ಒಪ್ಪುವುದಿಲ್ಲ.

ನಿನ್ನೆ, ಇನ್ನೂ ಬಿಸಿ ಮಾಡದ ಡಬ್ಬಿ
ಕೈಯಲ್ಲೇ ಮರೆತು ಹತ್ತಿದೆ. ತೊಂಬತ್ತು.
ಬೆರಳು ಮರಗಟ್ಟಿತೆಂದು ಪಕ್ಕದ ಕಟ್ಟೆಯ ಮೇಲಿಟ್ಟೆ.
ಅಂಕಿ ನಡುಗಿತು.
ಎಂಬತ್ತು.
ಎತ್ತಿಕೊಂಡೆ, ತೊಂಬತ್ತು. ಇಟ್ಟೆ, ಎಂಬತ್ತು.
ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಆಗಲೇ ಫೋನು.
"ಮಧ್ಯಾಹ್ನದಿಂದ ಕರೆಂಟಿಲ್ಲ. ಪಕ್ಕದ ಮನೆಯವರು
ಅವರೆಕಾಳು ವಾಪಸ್ ಕೊಟ್ರು, ಕರಗ್ತಾ ಇದೆ.
ಇವತ್ತೇ ಸಾರು ಮಾಡಬೇಕು. ಮುದ್ದೆ ಎಷ್ಟು ಹಾಕಲಿ?"
"ಒಂದು."
"ಎಷ್ಟು ದಪ್ಪದ್ದು?"

ತೂಕ ಹೇಳಲು ಹೊರಟೆ, ಬಾಯಿಗೆ ಬರಲಿಲ್ಲ.
ವೇಬ್ರಿಡ್ಜಿನ ನಡುವೆ ನಿಂತು
ಅಂಗೈ ಬಟ್ಟಲು ಮಾಡಿ
ಇಷ್ಟು, ಅಂತ ತೋರಿಸಿದೆ, ಫೋನಿಗೆ.