ನೀಲಿ ವಾಫಲ್

ಘೆಂಟ್‌ನ ಟ್ರಾಮನ್ನು ಇವತ್ತು ಬೇರೆ ಯಾರೋ ಓಡಿಸಲಿ.
ಅಜ್ಜಿಯ ಎರಕದ ಅಚ್ಚು ಕಾದಿದೆ,
ಕಬ್ಬಿಣದ ಪುಸ್ತಕ: ತೆರೆದರೆ ಹೊಗೆ, ಮುಚ್ಚಿದರೆ ಚುಂಯ್.

ಮೊದಲನೆಯದು ಎಂದಿನಂತೆ ಅಂಟಿ ಹರಿಯಿತು,
ನಿಂತಲ್ಲೇ ತಿಂದೆ, ಅದು ಲೆಕ್ಕಕ್ಕಿಲ್ಲ.
ಬೀಟ್‌ರೂಟ್ ಮಾತಿಗೆ ತಪ್ಪದೆ ಕೆಂಪಾಯಿತು,
ಪಾಲಕ್ ಹಸಿರಾಗಿಯೇ ಎದ್ದಿತು.
ನೀಲಿ ಮಾತ್ರ ಕೈಕೊಟ್ಟಿತು.
ಬುಟ್ಟಿ ಬ್ಲೂಬೆರಿ ಅರೆದು ಹುಯ್ದರೂ
ಅಚ್ಚಿನಿಂದ ಬಂದದ್ದು ಬೂದಿ.

ಇವತ್ತಿಗೆ ಏಳು ತುಂಬಿದ ಫೆಮ್ಕೆ
ಕೇಳಿದ್ದು ಅದೊಂದನ್ನೇ.

ಫೋರ್ಕಿಗೆ ಚುಚ್ಚಿ, ಮಾತಿಲ್ಲದೆ,
ಕಿಟಕಿಗೆ ಹಿಡಿದಳು. ಹೊರಗೆ
ನವೆಂಬರಿನ ಮುಗಿಲು, ಅದರಡಿ ಕಾಲುವೆ.
"ನಮ್ಮೂರಲ್ಲಿ ನೀಲಿ ಅಂದರೆ ಇದೇ ತಾನೇ, ಪಪ್ಪಾ?"

ಆರು ಕುಳಿಗೆ ಸಿರಪ್ ಸುರಿದಳು,
ಏಳನೆಯದಕ್ಕೆ ಬೆರಳು.
ಬೀದಿಯಲ್ಲಿ ನನ್ನ ಟ್ರಾಮ್ ಹಾದುಹೋಯಿತು,
ಗಂಟೆಯನ್ನು ತುಸು ಹೆಚ್ಚೇ ಬಾರಿಸುತ್ತ.