ಬಂದರಿನಲ್ಲಿ ನಾನೂರ ಎಂಬತ್ತು ಚದರಡಿ

ಮೆಟ್ಟಿಲು ಮೂವತ್ತೊಂದು, ನಾನೇ ಎಣಿಸಿದ್ದು.
ಬ್ರೋಕರ್ ಪುತ್ತುಮೋನು ಹೇಳಿದ್ದು ಇಪ್ಪತ್ತು.
ಕೆಳಗೆ ಮೆಣಸಿನ ಗೋದಾಮು;
ಅರ್ಧ ಹತ್ತುವಷ್ಟರಲ್ಲಿ ಲಿಡ್ವಿನ್‌ಗೆ ಏಳು ಸೀನು.
ಲಿಫ್ಟಿಲ್ಲ, ಪಾರ್ಕಿಂಗ್ ಇಲ್ಲ ಅಂದ ಅವನು
ತಪ್ಪೊಪ್ಪಿಕೊಂಡ ಹಾಗೆ.
ನಮಗೆ ಕಾರಿಲ್ಲ, ಅಂದೆ.
ಮೊಣಗಂಟು ಉಂಟಲ್ಲ, ಅಂದಳು ಅವಳು.

ಹೊಸ ಫ್ಲ್ಯಾಟುಗಳನ್ನೂ ನೋಡಿದ್ದೆವು, ಗುಡ್ಡೆ ಕಡಿದ ಜಾಗದಲ್ಲಿ.
ಹದಿನೆಂಟನೇ ಮಾಳಿಗೆ, ಈಜುಕೊಳ,
ಗೋಡೆಯ ಚಿತ್ರದಲ್ಲಿ ನಗುವ ಗಂಡ, ಹೆಂಡತಿ,
ಬಲೂನು ಹಿಡಿದ ಮಗು.
ಕೂತ ಕೂಡಲೇ ಕೇಳಿದರು: ಯಜಮಾನರು ಬರಲಿಲ್ಲವಾ?
ಒಬ್ಬಳು ವಾರಿಜ, ಒಬ್ಬಳು ಲಿಡ್ವಿನ್;
ಅರ್ಜಿಯಲ್ಲಿ ‘ಸಂಬಂಧ’ ಎಂಬಲ್ಲಿ
ಹುಡುಗನ ಪೆನ್ನು ನಿಂತೇ ಹೋಯಿತು.
ಒಂದೇ ಬೆಂಚು, ಅಂದಳು ಲಿಡ್ವಿನ್.
ಇಪ್ಪತ್ತೆಂಟು ವರ್ಷ ಗೇರುಬೀಜ ಒಡೆದದ್ದು,
ಮೊಣಕೈಗೆ ಮೊಣಕೈ ತಾಗಿಸಿ.
ಅಂಥದ್ದು ಅವರ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿ ಯಾರೂ ಕೇಳಲಿಲ್ಲ.
ದಾಮೋದರ ಮಲ್ಯರಿಗೆ ಕಿವಿ ಕೇಳುವುದೇ ಕಮ್ಮಿ.
ಅವರ ಅಜ್ಜ ಈ ಕೋಣೆಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ,
ದ್ವೀಪಕ್ಕೆ ಹೋಗುವ ಮಂಜಿಗಳಿಗೆ ಅಕ್ಕಿ, ಬೆಲ್ಲ, ಹುಳಿ.
ಗೋಡೆ ಒಂದೂವರೆ ಮೊಳ ದಪ್ಪ. ಕಿಟಕಿಯ ಹಲಗೆ
ಉಪ್ಪು ಕುಡಿದು ಊದಿ, ತೆರೆದರೆ ತೆರೆದದ್ದೇ.
ಅದರಾಚೆ ಬೆಂಗ್ರೆಯ ದೋಣಿ, ಒಂದು ಗೂಡ್ಸ್ ರಿಕ್ಷಾ,
ಯಾರೋ ಹಗ್ಗ ಸುತ್ತುತ್ತ ಯಾರಿಗೋ ಬೈಯುವುದು.
ಮಾಡಿನ ಹಂಚು ಮೂರು ಕಡೆ ಸೋರುತ್ತದೆ.
(ನಾಲ್ಕು. ಮಳೆ ಬಂದ ಮೇಲೆ ಗೊತ್ತಾಯಿತು.)

ವಕೀಲ ಸಪಲ್ಯರು ಹಳೆಯ ದಸ್ತಾವೇಜು ಬಿಡಿಸಿದರೆ
ಮಡಿಕೆ ಮಡಿಕೆಯಲ್ಲಿ ತೂತು.
ನೆಲ ಮೂಲಗೇಣಿಯದ್ದು, ಅಂದರು.
ವರ್ಷಕ್ಕೆ ಮೂರು ರೂಪಾಯಿ ಎಂಟಾಣೆ,
ಮತ್ತೆ ಒಂದು ಸೇರು ತೆಂಗಿನೆಣ್ಣೆ.
ಯಾರಿಗೆ ಕೊಡುವುದು?
ಅದನ್ನೇ ಹುಡುಕುತ್ತಿದ್ದೇನೆ, ಅಂದರು
ಕನ್ನಡಕ ಹಣೆಗೆ ಏರಿಸಿ.
ಅಂದರೆ ಗೋಡೆ ನಮ್ಮದು, ಕೆಳಗಿನ ಮಣ್ಣು
ಹೆಸರು ಮರೆತುಹೋದ ಯಾರದೋ.
ಲಿಡ್ವಿನ್ ಕೇಳಿದಳು: ಹಾಗಾದರೆ ನಾವು ಎಂತ ಕೊಂಡದ್ದು?
ಗಾಳಿ, ಅಂದೆ. ಎರಡನೇ ಮಾಳಿಗೆಯ ಗಾಳಿ.
ನನ್ನ ಪಿ.ಎಫ್., ಅವಳ ಗ್ರಾಚ್ಯುಟಿ,
ನಾಲ್ಕು ಬಳೆ, ಸೊಸೈಟಿಯ ಸಾಲ.
ಗುಡ್ಡೆಯ ಗಾಳಿಗಿಂತ ಅಗ್ಗವೇ.

ರಿಜಿಸ್ಟ್ರಾರ್ ಕಚೇರಿಯಲ್ಲಿ
ಯಂತ್ರ ನನ್ನ ಹೆಬ್ಬೆಟ್ಟು ಹಿಡಿಯಲಿಲ್ಲ.
ಒರೆಸಿ ಇಡಿ, ಅಂದ ಹುಡುಗ. ಒರೆಸಿದೆ.
ಒತ್ತಿ ಇಡಿ. ಒತ್ತಿದೆ.
ಬೀಜದ ಸೊನೆ ತಿಂದ ಬೆರಳು,
ಗೆರೆ ಇದ್ದಲ್ಲಿ ನುಣುಪು.
ಎಡದ ಕಿರುಬೆರಳು ಕೊನೆಗೆ ಹಸಿರು ತೋರಿಸಿತು.
ಲಿಡ್ವಿನ್‌ಳ ಹತ್ತೂ ಕೆಂಪು.
ಹಿಂದಿನ ಸಾಲಿನವರು ಗಡಿಯಾರ ನೋಡಿದರು.
ಇವರು ಯಾರೆಂದು ಗುರುತಿಸುವವರು ಉಂಟಾ?
ಕೇಳಿದರು ಅಧಿಕಾರಿ.
ನಾನು ಕೈ ಎತ್ತಿದೆ.
ನೀವು ಕೊಳ್ಳುವವರು, ಆಗುವುದಿಲ್ಲ. ಬೇರೆಯವರು ಬೇಕು.
ಪುತ್ತುಮೋನು ಚಾ ಬಿಟ್ಟು ಓಡಿ ಬಂದು
ಮೂರು ತಿಂಗಳ ಪರಿಚಯದಲ್ಲಿ
ಅವಳು ಅವಳೇ ಎಂದು ರುಜು ಹಾಕಿದ.

ಮೊದಲ ದಿನ ಬೀಗ ತಿರುಗಲಿಲ್ಲ.
ಅವಳ ಬ್ಯಾಗಿನಲ್ಲಿ ಎಣ್ಣೆಯ ಶೀಸೆ ಇತ್ತು;
ಬೀಜಕ್ಕೆ ಕೂರುವ ಮೊದಲು ಕೈಗೆ ಹಚ್ಚುವ ಅಭ್ಯಾಸ,
ಕೆಲಸ ಬಿಟ್ಟರೂ ಬಿಟ್ಟಿಲ್ಲ.
ನಾಲ್ಕು ಹನಿ ಬಿಟ್ಟು,
ಗೇಣಿ ಶುರು, ಅಂದಳು.
ಬಾಗಿಲು ತೆರೆಯಿತು.
ಮೆಣಸಿನ ಘಾಟು ನಮಗಿಂತ ಮೊದಲೇ ಒಳಗೆ.
ಅಯ್ಯೋ, ಬಂಗುಡೆಯ ಚೀಲ ಕೆಳಗೇ ಬಿಟ್ಟೆ ಮಾರಾಯ್ತಿ!
ನಾನೇ ಇಳಿದೆ, ಎಣಿಸುತ್ತ.
ಮೂವತ್ತು.
ಒಂದು ಎಲ್ಲಿ ಹೋಯಿತೋ.
ಬೆಕ್ಕು ಆಗಲೇ ಚೀಲದ ಹತ್ತಿರ.