ಇಳಿಸುವ ವಿದ್ಯೆ

ಮೂವತ್ತೊಂದು ವರ್ಷ ಬೊಗುಮಿವಾ
ಗ್ದಿನಿಯಾ ಬಂದರಿನ ಕ್ರೇನಿನ ನೆತ್ತಿಯಲ್ಲಿ ಕೂತು
ಎರಡೇ ಬೆರಳಲ್ಲಿ ನಲವತ್ತು ಟನ್ನು ಎತ್ತಿದವಳು.
ಕೆಳಗೆ ನಾನು, ಹಳದಿ ಟೊಪ್ಪಿಗೆಯವನು.
ತೋರುಬೆರಳು ಮೇಲೆ ತಿರುಗಿದರೆ ಎತ್ತು,
ಮುಷ್ಟಿ ಕಟ್ಟಿದರೆ ಅಲ್ಲೇ ನಿಲ್ಲಿಸು.
ನಮ್ಮಿಬ್ಬರ ನಡುವೆ
ಮಾತಿಗಿಂತ ಗಾಳಿಯೇ ಜಾಸ್ತಿ.

ಎದ್ದದ್ದು ಕಬ್ಬಿಣ, ಕೂತದ್ದು ಅವಳು.
ಹತ್ತುವಾಗ ಒಂದು ಡಬ್ಬಿ ಉಪ್ಪುಮೀನು, ಅರ್ಧ ಬ್ರೆಡ್ಡು,
ಇಳಿಯುವಾಗ ಖಾಲಿ ಡಬ್ಬಿ.
ವರ್ಷಕ್ಕೊಂದು ಕಿಲೋ, ಹೆಚ್ಚೇನಲ್ಲ,
ಸುಂಕದವರ ಕಣ್ಣು ತಪ್ಪಿಸಿ
ಒಳಗೆ ಬಂದ ಸರಕು.

ಕೆಲಸ ಬಿಟ್ಟ ಮರುವಾರ
ತನ್ನ ಮನೆಯ ಮೆಟ್ಟಿಲಲ್ಲಿ ಮೂರು ಕಡೆ ನಿಂತಳಂತೆ.
ನಾಲ್ಕನೆಯ ಮಹಡಿ. ಲಿಫ್ಟಿಲ್ಲ.
'ಎಂಬತ್ತು ಮೀಟರು ಏಣಿ ಹತ್ತುತ್ತಿದ್ದೆನಲ್ಲೋ' ಅಂದಳು ಫೋನಿನಲ್ಲಿ.
ಕೊನೆಯ ಹನ್ನೆರಡು ವರ್ಷ
ಕ್ರೇನಿಗೂ ಲಿಫ್ಟಿತ್ತು ಎಂದು
ನಾನು ನೆನಪಿಸಲಿಲ್ಲ.

ಹೀಗೆ ಶುರುವಾಯಿತು ನಡಿಗೆ.
ಸಮುದ್ರದ ಪಕ್ಕದ ದಾರಿ, ಬೆಳಿಗ್ಗೆ ಆರೂವರೆ,
ಬಾಲ್ಟಿಕ್ ಗಾಳಿ ಕಿವಿ ಹಿಂಡುವ ಹೊತ್ತು.
ಮೊದಲ ದಿನ ಮೂರನೆಯ ದೀಪದ ಕಂಬದ ತನಕ,
ಅಲ್ಲಿ ಕಂಬ ಅವಳನ್ನು ಹಿಡಿದುಕೊಂಡಿತೋ
ಅವಳು ಕಂಬವನ್ನೋ.
ಮಾರ್ಚಿಗೆ ಓರ್ವೋವೊದ ಮರದ ಸೇತುವೆ ಮುಟ್ಟಿ
ಹಂಸಗಳಿಗೆ ಬೈದು ವಾಪಸು ಬರುತ್ತಿದ್ದೆವು.
ಒಂಬತ್ತು ಕಿಲೋ ಹೋಗಿತ್ತು.

ಆದರೆ ಒಂದು ಸಂಜೆ
ಸೌತೆ ಉಪ್ಪಿನಕಾಯಿಯ ಬಾಟಲಿ ಹಿಡಿದು
ಪಕ್ಕದ ಮನೆಯ ಹುಡುಗನ ಬಾಗಿಲು ತಟ್ಟಿದಳು,
ಮುಚ್ಚಳ ತೆಗೆಯಲು.
ಡಾಕ್ಟರಮ್ಮ ತೋಳು ಒತ್ತಿ ನೋಡಿ ಹೇಳಿದರು:
'ಕೊಬ್ಬಿನ ಜೊತೆ ಸ್ನಾಯುವೂ ಮೂಟೆ ಕಟ್ಟುತ್ತಿದೆ.
ನಡೆಯಿರಿ, ಬಿಡಬೇಡಿ.
ಆದರೆ ಏನಾದರೂ ಎತ್ತಿ.'
'ನಾನಾ?' ಅಂದಳು ಬೊಗುಮಿವಾ, 'ನನಗೆ ಎತ್ತೋದು ಹೇಳಿಕೊಡ್ತೀರಾ?'

ಹಳೆಯ ಬಲೆ ಗೋದಾಮಿನ ನೆಲಮಾಳಿಗೆ.
ಕಲಿಸುವ ಹುಡುಗಿ ಕಾಯಾ, ಇಪ್ಪತ್ನಾಲ್ಕರ ಕಡ್ಡಿ.
ಹಿಡಿಯಿದ್ದ ಕಬ್ಬಿಣದ ಗುಂಡೊಂದನ್ನು ಮುಂದಿಟ್ಟಳು, ಎಂಟು ಕಿಲೋ.
ಬೊಗುಮಿವಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ
'ಕೊಕ್ಕೆ ಎಲ್ಲಿ?' ಎಂದಳು ತಮಾಷೆಗೆ.
'ನೀವೇ ಕೊಕ್ಕೆ,' ಎಂದಳು ಹುಡುಗಿ, ನಗದೆ.
ಸೊಂಟ ಹಿಂದೆ. ಬೆನ್ನು ನೆಟ್ಟಗೆ. ಹಿಮ್ಮಡಿ ನೆಲಕ್ಕೆ.
ಆರು ಸಲ ಎದ್ದಿತು ಗುಂಡು.
ಮರುದಿನ ನಡೆಯುವಾಗ
ಇಷ್ಟು ವರ್ಷ ತನ್ನಲ್ಲಿ ಬಾಡಿಗೆ ಕೊಡದೆ ಮಲಗಿದ್ದವರು
ಯಾರ್ಯಾರೋ ಎದ್ದು ಜಗಳ ತೆಗೆದಿದ್ದಾರೆ
ಎಂದು ತೊಡೆ ಉಜ್ಜಿಕೊಂಡಳು.

ದಿನವೂ ನಡಿಗೆ, ಸೋಮವಾರ ಗುರುವಾರ ಕಬ್ಬಿಣ.
ನಾನು ಮೂಲೆಯ ಬೆಂಚಿನಲ್ಲಿ ಕೂತು ಎಣಿಸುವವನು.
ನನಗೆ ಮಂಡಿನೋವು. ಹಾಗಂತ ಹೇಳಿದ್ದೆ.

ಮೇ ತಿಂಗಳಲ್ಲಿ ತೂಕದ ಮುಳ್ಳು ಸತ್ತುಹೋಯಿತು.
ನಾಲ್ಕು ವಾರ, ಅದೇ ಎಂಬತ್ತೇಳು.
ಒದ್ದಳು ಯಂತ್ರವನ್ನು, ಬರಿಗಾಲಲ್ಲಿ; ಹೆಬ್ಬೆರಳು ಊದಿತು,
ಎರಡು ದಿನ ನಡಿಗೆ ನಿಂತಿತು.
ಮೂರನೆಯ ದಿನ ಬಂದಳು, ಕಂಬದ ಹತ್ತಿರ ನಿಂತು ಹೇಳಿದಳು:
'ಕಂಟೇನರಿನ ಬಾಗಿಲ ಮೇಲೆ ಬರೆದಿರ್ತಾರಲ್ಲ,
ಖಾಲಿ ಪೆಟ್ಟಿಗೆ ಇಷ್ಟು, ಸರಕು ಇಷ್ಟು, ಒಟ್ಟು ಇಷ್ಟು.
ಈ ಮುಂಡೇದು ಒಟ್ಟು ಮಾತ್ರ ಹೇಳತ್ತೆ.
ಒಳಗೆ ಏನಿಳೀತು ಏನೇರಿತು,
ಅದಕ್ಕೇನು ಗೊತ್ತು.'
ಹೇಳುತ್ತಲೇ ಕೋಟು ಸರಿಸಿ ಬೆಲ್ಟು ತೋರಿಸಿದಳು.
ಮೊಳೆ ಬಡಿದು ಮಾಡಿದ ಹೊಸ ತೂತು,
ಸ್ವಲ್ಪ ಸೊಟ್ಟ.

ನಿನ್ನೆ ಗುರುವಾರ, ಐವತ್ತು ಕಿಲೋ.
ಅಲ್ಲಿನ ಹುಡುಗರೆಲ್ಲ
ಎತ್ತಿದ್ದೇ ಧೊಪ್ಪೆಂದು ಬಿಡುವವರು,
ನೆಲ ನಡುಗಿ ನನ್ನ ಚಹಾ ತುಳುಕುತ್ತದೆ.
ಇವಳು ಎತ್ತಿದಳು. ನಿಂತಳು.
ಆಮೇಲೆ ಇಳಿಸಿದಳು,
ಗಾಜಿನ ಸರಕು ಹಡಗಿನ ಹೊಟ್ಟೆಗೆ ಇಳಿಯುವ ಹಾಗೆ,
ಕಬ್ಬಿಣ ರಬ್ಬರು ಮುಟ್ಟಿದ್ದು
ಯಾರಿಗೂ ಕೇಳಿಸಲಿಲ್ಲ.

'ಇಷ್ಟು ಮೆಲ್ಲಗೆ ಇಳಿಸೋಕೆ ಕಲಿಸಿದ್ಯಾರು?' ಎಂದಳು ಕಾಯಾ.
ಬೊಗುಮಿವಾ ನನ್ನ ಕಡೆ ನೋಡಿದಳು. ಕಾಯಾ ನೋಡಿದಳು.
ಆಗ ನಾನೂ ನೋಡಿಕೊಂಡೆ:
ನನ್ನ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ,
ಬೆರಳು ಕೆಳಗೆ ತೋರಿಸಿ
ಸಣ್ಣ ಸಣ್ಣ ವೃತ್ತ ಸುತ್ತುತ್ತಿತ್ತು.

ಸೋಮವಾರ ನನ್ನ ಸರದಿಯಂತೆ.
ಮಂಡಿಯ ಮಾತು ಯಾರೂ ಕೇಳಲಿಲ್ಲ.
ಬೆಂಚಿನಲ್ಲಿ ಕೂರುವವಳು ಅವಳು,
ಸನ್ನೆಯೂ ಅವಳದೇ.